ಅಮೆರಿಕದ ಹೊರಗೆ ಇದ್ದುಕೊಂಡೇ ಸಂಗಾತಿಗೆ ಇಮಿಗ್ರಂಟ್ ವೀಸಾ: ಐ-130ರಿಂದ ಗ್ರೀನ್ ಕಾರ್ಡ್‌ವರೆಗೆ

ನಿಮ್ಮ ಬಳಿ ಅಮೆರಿಕದ ಪಾಸ್‌ಪೋರ್ಟ್ ಇದೆ. ಆದರೆ ಕೆಲಸ, ಮನೆ, ಸಂಸಾರ ಎಲ್ಲ ಭಾರತದಲ್ಲೋ ದುಬೈಯಲ್ಲೋ ಸಿಂಗಪುರದಲ್ಲೋ ಇದೆ. ಹೆಂಡತಿ ಅಥವಾ ಗಂಡ ಅಮೆರಿಕದ ಪ್ರಜೆ ಅಲ್ಲ. ಇಬ್ಬರೂ ಅಲ್ಲಿಗೆ ಹೋಗಿ ನೆಲೆಸಬೇಕು ಅಂತ ಈಗ ತೀರ್ಮಾನ ಮಾಡಿದ್ದೀರಿ. ಈ ಬರಹ ನಿಮ್ಮಂಥವರಿಗೆ. ಮುಂದೆ ‘ನೀವು’ ಅಂದರೆ ಅಮೆರಿಕದ ಪ್ರಜೆ, ‘ಸಂಗಾತಿ’ ಅಂದರೆ ವೀಸಾ ಬೇಕಾದವರು.

ಹೆಚ್ಚಿನ ಜೋಡಿಗಳು ತಲೆ ಕೆಡಿಸಿಕೊಳ್ಳುವುದು ‘ಮದುವೆ ನಿಜವಾದದ್ದು ಅಂತ ಹೇಗೆ ತೋರಿಸುವುದು’ ಅಂತ. ವರ್ಷಗಟ್ಟಲೆ ಒಂದೇ ಮನೆಯಲ್ಲಿ ಬದುಕಿದವರಿಗೆ ಅದು ದೊಡ್ಡ ಕಷ್ಟ ಅಲ್ಲ. ಫೈಲ್ ಸಿಕ್ಕಿಹಾಕಿಕೊಳ್ಳುವುದು ಬೇರೆ ಕಡೆ. ನಿಮ್ಮ ಟ್ಯಾಕ್ಸ್ ಕಾಗದ, ನಿಮ್ಮ ಆದಾಯ, ಮತ್ತು ನೀವು ನಿಜಕ್ಕೂ ಅಮೆರಿಕಕ್ಕೆ ವಾಪಸ್ ಹೋಗುತ್ತೀರಾ ಅನ್ನುವ ಪ್ರಶ್ನೆ. ಮೂರೂ ಸಂಗಾತಿಯ ತಲೆನೋವಲ್ಲ, ನಿಮ್ಮದು. ಮೊದಲ ಅರ್ಜಿ ಹಾಕುವ ದಿನವೇ ಇವುಗಳ ತಯಾರಿಯೂ ಶುರುವಾಗಬೇಕು. ಆಮೇಲೆ ನೋಡಿದರಾಯಿತು ಅಂದುಕೊಂಡವರು ಕೊನೆಯಲ್ಲಿ ತಿಂಗಳುಗಟ್ಟಲೆ ಕಾಯುತ್ತಾರೆ.

ಮೊದಲು, ಯಾವ ವೀಸಾ ಅಂತ ಗೊತ್ತಿರಲಿ

ಅಮೆರಿಕದ ಪ್ರಜೆಯ ಸಂಗಾತಿಗೆ ಸಿಗುವುದು ಐಆರ್-1 ಅಥವಾ ಸಿಆರ್-1. ಅರ್ಜಿ, ಕಾಗದ, ಫೀಸು ಎಲ್ಲ ಒಂದೇ. ಸಂಗಾತಿ ಅಮೆರಿಕದೊಳಗೆ ಕಾಲಿಡುವ ದಿನಕ್ಕೆ ಮದುವೆಯಾಗಿ 2 ವರ್ಷ ತುಂಬಿದ್ದರೆ ಐಆರ್-1, 10 ವರ್ಷದ ಗ್ರೀನ್ ಕಾರ್ಡ್. ತುಂಬಿಲ್ಲದಿದ್ದರೆ ಸಿಆರ್-1, 2 ವರ್ಷದ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಐ-751 ಅನ್ನುವ ಇನ್ನೊಂದು ಅರ್ಜಿ ಹಾಕಬೇಕು. ಮತ್ತೆ ಫೀಸು, ಮತ್ತೆ ಕಾಯುವಿಕೆ. ಹಾಗಾಗಿ ವೀಸಾ ಕೈಗೆ ಬಂದಾಗ ಎರಡನೇ ವಾರ್ಷಿಕೋತ್ಸವಕ್ಕೆ ಕೆಲವೇ ವಾರ ಬಾಕಿ ಇದ್ದರೆ, ವೀಸಾ ಅವಧಿಯೂ ಇದ್ದರೆ, ಆ ದಿನ ಕಳೆದ ಮೇಲೆ ವಿಮಾನ ಹತ್ತುವುದು ಜಾಣತನ.

ಈ ಗುಂಪಿನ ವೀಸಾಗಳಿಗೆ ವರ್ಷಕ್ಕೆ ಇಷ್ಟೇ ಅನ್ನುವ ಮಿತಿ ಇಲ್ಲ. ಎಚ್-1ಬಿಯವರು ಗ್ರೀನ್ ಕಾರ್ಡ್‌ಗೆ ನಿಲ್ಲುವ ಆ ಉದ್ದದ ಸಾಲು ಇಲ್ಲಿಲ್ಲ. ಅರ್ಜಿ ಪರಿಶೀಲನೆಗೆ ಹಿಡಿಯುವ ಸಮಯ ಮಾತ್ರ ಕಾಯಬೇಕು. ನೀವು ಪ್ರಜೆ ಅಲ್ಲ, ಬರೀ ಗ್ರೀನ್ ಕಾರ್ಡ್ ಇರುವವರು ಅಂದರೆ ಕಥೆ ಬೇರೆ. ಅದು ಎಫ್2ಎ ವರ್ಗ, ಅಲ್ಲಿ ಮಿತಿ ಇದೆ. ಗ್ರೀನ್ ಕಾರ್ಡ್ ಇಟ್ಟುಕೊಂಡು ವರ್ಷಗಟ್ಟಲೆ ಹೊರದೇಶದಲ್ಲಿ ಇದ್ದರೆ ಮೊದಲು ಉಳಿಸಿಕೊಳ್ಳಬೇಕಾದದ್ದು ನಿಮ್ಮ ಕಾರ್ಡನ್ನೇ.

ಮಕ್ಕಳಿದ್ದರೆ ಇಲ್ಲೇ ಒಂದು ಮಾತು. ಪ್ರಜೆಯ ಸಂಗಾತಿಯ ಅರ್ಜಿಯೊಳಗೆ ಮಕ್ಕಳು ತಾವಾಗಿಯೇ ಸೇರುವುದಿಲ್ಲ. ಸಂಗಾತಿಯ ಹಿಂದಿನ ಮದುವೆಯ ಮಗುವಿಗೆ ಬೇರೆ ಐ-130 (ಸಂಬಂಧ ತೋರಿಸಿ ಪ್ರಜೆ ಹಾಕುವ ಮೊದಲ ಅರ್ಜಿ) ಬೇಕು. ಆ ಮಗುವಿಗೆ 18 ತುಂಬುವ ಮುಂಚೆ ನಿಮ್ಮ ಮದುವೆ ಆಗಿರಬೇಕು. ನಿಮಗೇ ಹುಟ್ಟಿದ ಮಗು ಆದರೆ, ಅದು ಹುಟ್ಟುವಾಗಲೇ ಅಮೆರಿಕದ ಪ್ರಜೆ ಆಗಿರಬಹುದು. ತಂದೆ ತಾಯಿಯಲ್ಲಿ ಒಬ್ಬರೇ ಪ್ರಜೆ ಆಗಿದ್ದರೆ, ಅವರು ಮಗು ಹುಟ್ಟುವ ಮುಂಚೆ ಒಟ್ಟು 5 ವರ್ಷ ಅಮೆರಿಕದಲ್ಲಿ ಇದ್ದಿರಬೇಕು. ಅದರಲ್ಲಿ 2 ವರ್ಷ ತಮಗೆ 14 ತುಂಬಿದ ಮೇಲಿನದ್ದಾಗಿರಬೇಕು. ಇಷ್ಟಿದ್ದರೆ ಮಗುವಿಗೆ ವೀಸಾ ಅಲ್ಲ, ಕಾನ್ಸುಲೇಟ್‌ನಲ್ಲಿ ಜನನ ನೋಂದಣಿ ಮತ್ತು ಪಾಸ್‌ಪೋರ್ಟ್ ಮಾಡಿಸಬೇಕು.

ಹಂತ 1: ಐ-130 ಅರ್ಜಿ

‘ಹೊರದೇಶದಲ್ಲಿದ್ದೇವಲ್ಲ, ಇಲ್ಲಿನ ಕಾನ್ಸುಲೇಟ್‌ನಲ್ಲೇ ಅರ್ಜಿ ಕೊಡಬಹುದಲ್ವಾ?’ ಅಂತ ಬಹಳ ಜನ ಕೇಳುತ್ತಾರೆ. ಹಿಂದೆ ಅನೇಕ ಕಡೆ ಅದು ನಡೆಯುತ್ತಿತ್ತು. ಯುಎಸ್‌ಸಿಐಎಸ್ (ಅಮೆರಿಕದ ವಲಸೆ ಇಲಾಖೆ) ತನ್ನ ಹೊರದೇಶದ ಕಚೇರಿಗಳಲ್ಲಿ ಹೆಚ್ಚಿನವನ್ನು ಮುಚ್ಚಿತು. 2020ರ ಫೆಬ್ರವರಿಯಿಂದ ಐ-130 ಕೊಡಬೇಕಾದದ್ದು ಆನ್‌ಲೈನ್‌ನಲ್ಲಿ, ಇಲ್ಲವೇ ಅಂಚೆಯಲ್ಲಿ ಅಮೆರಿಕಕ್ಕೆ. ವಿಶೇಷ ಸಂದರ್ಭಗಳಲ್ಲಿ ಮಾತ್ರ ಕಾನ್ಸುಲೇಟ್ ನೇರವಾಗಿ ತೆಗೆದುಕೊಳ್ಳಬಹುದು. ವೈದ್ಯಕೀಯ ತುರ್ತು, ಜೀವಕ್ಕೆ ಅಪಾಯ ಇಂಥವು. ಇನ್ನೊಂದು ಕಾರಣ ನಿಮ್ಮಂಥವರಿಗೆ ಉಪಯೋಗಕ್ಕೆ ಬರಬಹುದು: ಹೊರದೇಶದಲ್ಲಿ ಕೆಲಸ ಮಾಡುತ್ತಿರುವ ಪ್ರಜೆಗೆ ಅಮೆರಿಕದಲ್ಲಿ ಕೆಲಸ ಸಿಕ್ಕು ಅಥವಾ ಅಲ್ಲಿಗೆ ವರ್ಗವಾಗಿ, ಬಹಳ ಕಡಿಮೆ ಸಮಯದಲ್ಲಿ ಹೊರಡಬೇಕಾಗಿ ಬಂದರೆ. ಕಂಪನಿಯ ಪತ್ರ ಇಟ್ಟುಕೊಂಡು ಕಾನ್ಸುಲೇಟ್‌ಗೆ ಬರೆದು ಕೇಳಿ. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಒಪ್ಪಿದರೆ ತುಂಬಾ ಸಮಯ ಉಳಿಯುತ್ತದೆ. ಆದರೆ ಇದನ್ನೇ ನಂಬಿ ಕೂರಬೇಡಿ.

ಉಳಿದವರೆಲ್ಲ ಆನ್‌ಲೈನ್‌ನಲ್ಲೇ ಹಾಕಿ. 2024ರ ಏಪ್ರಿಲ್‌ನಲ್ಲಿ ಫೀಸು ಬದಲಾಗಿ ಆನ್‌ಲೈನ್‌ಗೆ 625 ಡಾಲರ್, ಕಾಗದದ ಅರ್ಜಿಗೆ 675 ಡಾಲರ್ ಆಯಿತು. ಕಟ್ಟುವ ದಿನ ಒಮ್ಮೆ ಯುಎಸ್‌ಸಿಐಎಸ್ ಸೈಟ್‌ನಲ್ಲಿ ಮೊತ್ತ ನೋಡಿಕೊಳ್ಳಿ. ಖಾತೆಗೆ ಲಾಗಿನ್ ಆಗುವಾಗ ಬರುವ ಕೋಡ್ ಅನ್ನು ಫೋನ್ ಮೆಸೇಜ್ ಬದಲು ಈಮೇಲ್‌ಗೋ ಆಥೆಂಟಿಕೇಟರ್ ಆ್ಯಪ್‌ಗೋ ಇಡಿ. ನಂಬರ್ ಬದಲಾದರೂ ಖಾತೆ ಕೈತಪ್ಪುವುದಿಲ್ಲ.

ಅರ್ಜಿಯ ಜೊತೆ ಬೇಕಾದದ್ದು ನಿಮ್ಮ ಪೌರತ್ವದ ಪುರಾವೆ, ಮದುವೆ ನೋಂದಣಿ ಪತ್ರ, ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಡಿಕ್ರಿ ಅಥವಾ ಮರಣ ಪತ್ರ, ಇಬ್ಬರ ಫೋಟೋ, ಮತ್ತು ಸಂಗಾತಿಯ ವಿವರ ಇರುವ ಐ-130ಎ. ಸಂಗಾತಿ ಅಮೆರಿಕದ ಹೊರಗಿದ್ದರೆ ಐ-130ಎಗೆ ಅವರ ಸಹಿ ಕಡ್ಡಾಯವಲ್ಲ, ಆದರೆ ತುಂಬಿರಲೇಬೇಕು.

ಮದುವೆ ನಿಜ ಅನ್ನುವುದಕ್ಕೆ ಆಲ್ಬಮ್‌ಗಿಂತ ದಿನನಿತ್ಯದ ಕಾಗದ ಜಾಸ್ತಿ ಮಾತಾಡುತ್ತದೆ. ಇಬ್ಬರ ಹೆಸರಿರುವ ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ, ವಿಮೆಯಲ್ಲಿ ನಾಮಿನಿ ಹೆಸರು, ಮಕ್ಕಳ ಜನನ ಪತ್ರ, ಒಂದೇ ವಿಳಾಸದ ಗುರುತಿನ ಚೀಟಿಗಳು. ಫೋಟೋ ಹತ್ತಿಪ್ಪತ್ತು ಸಾಕು. ಬೇರೆ ಬೇರೆ ವರ್ಷದ್ದು, ಮನೆಯವರ ಜೊತೆಗಿನದ್ದು ಇರಲಿ. ಮದುವೆಯ ದಿನದ್ದೇ ನೂರು ಹಾಕಿದರೆ ತೋರಿಸಿದ್ದು ಒಂದೇ ದಿನ, ಅಲ್ವಾ?

ಅರ್ಜಿಯಲ್ಲಿ ಒಂದು ಪ್ರಶ್ನೆಯ ಮೇಲೆ ಕಣ್ಣಿರಲಿ. ಸಂಗಾತಿ ಅಮೆರಿಕದೊಳಗೆ ಇದ್ದುಕೊಂಡು ಸ್ಟೇಟಸ್ ಬದಲಿಸಿಕೊಳ್ಳುತ್ತಾರೋ (ಅಂದರೆ ಅಲ್ಲೇ ಗ್ರೀನ್ ಕಾರ್ಡ್ ಪಡೆಯುತ್ತಾರೋ), ಹೊರಗಿನ ಕಾನ್ಸುಲೇಟ್‌ನಲ್ಲಿ ವೀಸಾ ಪಡೆಯುತ್ತಾರೋ ಅಂತ ಕೇಳುತ್ತಾರೆ. ಕಾನ್ಸುಲೇಟ್ ಅಂತ ಮಾತ್ರ ತುಂಬಿ, ಊರು ಮತ್ತು ದೇಶ ಬರೆಯಿರಿ. ಎರಡೂ ಕಡೆ ತುಂಬಿದರೆ ಫೈಲ್ ಮುಂದಿನ ಕಚೇರಿಗೆ ಹೋಗದೆ ಯುಎಸ್‌ಸಿಐಎಸ್‌ನಲ್ಲೇ ಕೂತುಬಿಡಬಹುದು. 2025ರ ನವೆಂಬರ್ 1ರಿಂದ ಸಂದರ್ಶನವನ್ನು ಸಂಗಾತಿ ವಾಸವಿರುವ ಕಡೆ, ಇಲ್ಲವೇ ಅವರು ಪ್ರಜೆಯಾಗಿರುವ ದೇಶದಲ್ಲಿ ನಿಗದಿ ಮಾಡುವ ನಿಯಮ ಬಂದಿದೆ. ಬೇಗ ಆಗುತ್ತದೆ ಅಂತ ಮೂರನೇ ದೇಶ ಹುಡುಕುವ ಉಪಾಯ ಇನ್ನು ಸುಲಭಕ್ಕೆ ನಡೆಯುವುದಿಲ್ಲ. ಭಾರತದಲ್ಲಿ ಇರುವವರಿಗೆ ಸಾಮಾನ್ಯವಾಗಿ ಮುಂಬೈ ಕಾನ್ಸುಲೇಟ್.

ಹಂತ 2: ಕಾಯುವಾಗ ಮಾಡಬೇಕಾದ ಕೆಲಸ

ಐ-130 ಒಪ್ಪಿಗೆಗೆ ವರ್ಷ ದಾಟುವುದು ಈಗ ಸಾಮಾನ್ಯ. ಈ ವರ್ಷ ಸುಮ್ನೆ ಕಳೆಯುವುದಕ್ಕಲ್ಲ.

ಮೊದಲನೆಯದು ಟ್ಯಾಕ್ಸ್. ಅಮೆರಿಕದ ಪ್ರಜೆ ಭೂಮಿಯ ಯಾವ ಮೂಲೆಯಲ್ಲಿ ದುಡಿದರೂ, ಆದಾಯ ನಿಗದಿತ ಮಿತಿ ದಾಟಿದರೆ ಐಆರ್‌ಎಸ್‌ಗೆ (ಅಮೆರಿಕದ ತೆರಿಗೆ ಇಲಾಖೆ) ರಿಟರ್ನ್ ಹಾಕಬೇಕು. ಕಟ್ಟುವ ತೆರಿಗೆ ಸೊನ್ನೆ ಆದರೂ ಹಾಕಬೇಕು. ಹೊರದೇಶದ ಖಾತೆಗಳಲ್ಲಿ ಎಲ್ಲ ಸೇರಿ ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ದಾಟಿದ್ದರೆ ಆ ಖಾತೆಗಳ ವಿವರ ಕೊಡುವ ಎಫ್‌ಬಾರ್ ವರದಿ ಕೂಡ ಬೇಕು. ಭಾರತಕ್ಕೆ ಮರಳಿದ ಎಷ್ಟೋ ಜನ ಇದನ್ನು ಬಿಟ್ಟಿರುತ್ತಾರೆ. ವೀಸಾಕ್ಕೆ ಬೇಕಾದ, ಸಂಗಾತಿಯ ಹೊಣೆ ಹೊರುವ ಐ-864 ಫಾರ್ಮ್‌ಗೆ ಇತ್ತೀಚಿನ ವರ್ಷದ ರಿಟರ್ನ್ ಲಗತ್ತಿಸಲೇಬೇಕು, ಹಾಕುವ ಅಗತ್ಯ ಇರಲಿಲ್ಲ ಅಂತ ತೋರಿಸಿದರೆ ಮಾತ್ರ ವಿನಾಯಿತಿ. ಬೇಕಂತಲೇ ಮುಚ್ಚಿಟ್ಟದ್ದಲ್ಲ, ಗೊತ್ತಿಲ್ಲದೆ ಬಿಟ್ಟದ್ದು ಅನ್ನುವವರಿಗೆ ಐಆರ್‌ಎಸ್‌ನ ಸ್ಟ್ರೀಮ್‌ಲೈನ್ಡ್ ದಾರಿ ಇದೆ. ಹಿಂದಿನ 3 ವರ್ಷದ ರಿಟರ್ನ್, 6 ವರ್ಷದ ಎಫ್‌ಬಾರ್ ಹಾಕಿ ಸರಿಪಡಿಸಿಕೊಳ್ಳಬಹುದು. ಇದಕ್ಕೆ ಗೊತ್ತಿರುವ ಟ್ಯಾಕ್ಸ್ ಸಲಹೆಗಾರರಿಗೆ ದುಡ್ಡು ಕೊಡುವುದು ದಂಡ ಅಲ್ಲ. ಇಡೀ ಪ್ರಕ್ರಿಯೆಯಲ್ಲಿ ಒಂದೇ ಕಡೆ ತಜ್ಞರಿಗೆ ಖರ್ಚು ಮಾಡುವುದಾದರೆ ಇಲ್ಲೇ ಮಾಡಿ.

ಎರಡನೆಯದು ಅಮೆರಿಕದ ಬ್ಯಾಂಕ್ ಖಾತೆ. ಮುಂದಿನ ಹಂತದ ಫೀಸನ್ನು ಅಮೆರಿಕದ ಬ್ಯಾಂಕ್ ಖಾತೆಯಿಂದಲೇ ಕಟ್ಟಬೇಕು, ಕ್ರೆಡಿಟ್ ಕಾರ್ಡ್ ನಡೆಯುವುದಿಲ್ಲ. ಹಳೆಯ ಖಾತೆ ಇದ್ದರೆ ಮುಚ್ಚಬೇಡಿ. ಇಲ್ಲದಿದ್ದರೆ ಅಲ್ಲಿರುವ ಅಕ್ಕನೋ ತಮ್ಮನೋ ತಮ್ಮ ಖಾತೆಯಿಂದ ಕಟ್ಟಬಹುದು. ಆದರೆ ಸ್ವಂತ ಖಾತೆ ಇದ್ದರೆ ಅದು ಮುಂದೆ ಡೊಮಿಸೈಲ್ (ಅಮೆರಿಕವೇ ಖಾಯಂ ನೆಲೆ ಅನ್ನುವುದು) ತೋರಿಸಲು ಕೂಡ ಬರುತ್ತದೆ.

ಮೂರನೆಯದು ಸಂಗಾತಿಯ ದಾಖಲೆ. ಅದನ್ನು ಹಂತ 5ರಲ್ಲಿ ಹೇಳುತ್ತೇನೆ.

ಹಂತ 3: ಎನ್‌ವಿಸಿ

ಐ-130 ಒಪ್ಪಿಗೆಯಾದ ಮೇಲೆ ಫೈಲ್ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿಂದ ಈಮೇಲ್‌ನಲ್ಲಿ ಕೇಸ್ ನಂಬರ್, ಇನ್‌ವಾಯ್ಸ್ ನಂಬರ್ ಬರುತ್ತವೆ. ಮುಂಬೈಗೆ ಹೋಗುವ ಕೇಸ್ ಬಿಎಂಬಿ ಅಕ್ಷರಗಳಿಂದ ಶುರುವಾಗುತ್ತದೆ. ಸ್ಪ್ಯಾಮ್ ಫೋಲ್ಡರ್ ಆಗಾಗ ನೋಡುತ್ತಿರಿ. ಒಂದು ವರ್ಷ ನಿಮ್ಮ ಕಡೆಯಿಂದ ಏನೂ ಚಲನೆ ಇಲ್ಲದಿದ್ದರೆ ಕೇಸ್ ಮುಚ್ಚಿಹೋಗಬಹುದು.

ಸಿಇಎಸಿ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ವೀಸಾ ಅರ್ಜಿಗೆ 325 ಡಾಲರ್, ಅಫಿಡವಿಟ್ ಆಫ್ ಸಪೋರ್ಟ್‌ಗೆ (ಅದೇ ಐ-864) 120 ಡಾಲರ್ ಕಟ್ಟಬೇಕು. ಹಣ ಜಮೆಯಾದದ್ದು ತೋರಿಸಲು ಕೆಲವು ದಿನ ಬೇಕು. ಆಮೇಲೆ ಸಂಗಾತಿ ಡಿಎಸ್-260 ಅನ್ನುವ ವೀಸಾ ಅರ್ಜಿ ತುಂಬಬಹುದು. 16ನೇ ವಯಸ್ಸಿನಿಂದ ವಾಸಿಸಿದ ಎಲ್ಲ ವಿಳಾಸ, ಹಿಂದಿನ 10 ವರ್ಷದ ಕೆಲಸ, 5 ವರ್ಷದ ಸೋಷಿಯಲ್ ಮೀಡಿಯಾ ಖಾತೆಗಳು, ಎಲ್ಲ ಕೇಳುತ್ತದೆ. ಪಿಜಿ, ಹಾಸ್ಟೆಲ್ ವಿಳಾಸಗಳನ್ನೂ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡು ಕೂರಿ. ಸೋಷಿಯಲ್ ಸೆಕ್ಯುರಿಟಿ ನಂಬರ್ ಬೇಕೇ ಅನ್ನುವ ಪ್ರಶ್ನೆಗೆ ಹೌದು ಅನ್ನಿ. ಒಮ್ಮೆ ಸಲ್ಲಿಸಿದ ಮೇಲೆ ನೀವಾಗಿ ತಿದ್ದಲು ಬರುವುದಿಲ್ಲ, ಅವರನ್ನು ಕೇಳಿ ತೆರೆಸಬೇಕು.

ಹಂತ 4: ಐ-864 ಮತ್ತು ಡೊಮಿಸೈಲ್

ನಿಜವಾದ ಪರೀಕ್ಷೆ ಇದು.

ಐ-864 ಅಂದರೆ ಸಂಗಾತಿಯನ್ನು ಸಾಕುವ ಹೊಣೆ ನನ್ನದು ಅಂತ ನೀವು ಅಮೆರಿಕದ ಸರ್ಕಾರಕ್ಕೆ ಬರೆದುಕೊಡುವ ಕರಾರು. ಸಂಗಾತಿ ಪ್ರಜೆ ಆಗುವವರೆಗೆ, ಅಥವಾ ಸುಮಾರು 10 ವರ್ಷದ ದುಡಿಮೆಗೆ ಸಮನಾದ 40 ಕ್ವಾರ್ಟರ್ ಸೋಷಿಯಲ್ ಸೆಕ್ಯುರಿಟಿ ಲೆಕ್ಕಕ್ಕೆ ಸೇರುವವರೆಗೆ, ಇಲ್ಲವೇ ಅವರು ಗ್ರೀನ್ ಕಾರ್ಡ್ ಬಿಟ್ಟು ದೇಶ ತೊರೆಯುವವರೆಗೆ ಇದು ನಡೆಯುತ್ತದೆ. ವಿಚ್ಛೇದನ ಆದರೂ ಹೊಣೆ ತಪ್ಪುವುದಿಲ್ಲ. ಯಾರಾದರೂ ‘ಬರೀ ಫಾರ್ಮಾಲಿಟಿ’ ಅಂದರೆ ನಂಬಬೇಡಿ.

ಆದಾಯ ಅಮೆರಿಕದ ಬಡತನ ರೇಖೆಯ ಶೇ. 125ರಷ್ಟು ಇರಬೇಕು. 2025ರ ಲೆಕ್ಕದಲ್ಲಿ ಇಬ್ಬರ ಮನೆಗೆ ಅದು ವರ್ಷಕ್ಕೆ 26,437 ಡಾಲರ್, ಮೂವರಿಗೆ 33,312. ಪ್ರತಿ ವರ್ಷ ಬದಲಾಗುತ್ತದೆ. ಮೊತ್ತ ನೋಡಿ ‘ಇಷ್ಟೇನಾ’ ಅನಿಸಬಹುದು. ತೊಡಕು ಇರುವುದು ಮೊತ್ತದಲ್ಲಲ್ಲ. ನಿಮ್ಮ ಬೆಂಗಳೂರಿನ ಸಂಬಳ ಇದರ ಎರಡರಷ್ಟಿದ್ದರೂ, ಅಮೆರಿಕಕ್ಕೆ ಹೋದ ಮೇಲೆ ಅದೇ ಮೂಲದಿಂದ ಬರುತ್ತಲೇ ಇರುತ್ತದೆ ಅಂತ ತೋರಿಸಲಾಗದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ. ರಿಮೋಟ್ ಕೆಲಸ ಆಗಿದ್ದರೆ, ಅಮೆರಿಕದಿಂದಲೂ ಇದೇ ಕೆಲಸ ಇದೇ ಸಂಬಳಕ್ಕೆ ಮುಂದುವರಿಯುತ್ತದೆ ಅಂತ ಕಂಪನಿಯಿಂದ ಪತ್ರ ತನ್ನಿ. ಹೊರದೇಶದ ಗಳಿಕೆಗೆ ವಿನಾಯಿತಿ ಕೊಡುವ 2555 ಫಾರ್ಮ್ ಬಳಸಿದವರ ರಿಟರ್ನ್‌ನಲ್ಲಿ ಒಟ್ಟು ಆದಾಯದ ಸಾಲು ಸೊನ್ನೆಯ ಹತ್ತಿರ ಇರುತ್ತದೆ. ಆ ಫಾರ್ಮ್ ಕೂಡ ಲಗತ್ತಿಸಿ, ಯಾಕೆ ಹಾಗಿದೆ ಅಂತ ಎರಡು ಸಾಲು ಬರೆಯಿರಿ.

ಆದಾಯ ಸಾಲದಿದ್ದರೆ ಎರಡು ದಾರಿ ಇವೆ. ಒಂದು ಆಸ್ತಿ. ಪ್ರಜೆಯ ಸಂಗಾತಿಗೆ ಕೊರತೆಯ ಮೂರು ಪಟ್ಟು ಆಸ್ತಿ ತೋರಿಸಿದರೆ ಸಾಕು. ಅಂದರೆ ಇಬ್ಬರ ಮನೆಗೆ, ಆದಾಯ ಪೂರ್ತಿ ಸೊನ್ನೆ ಆದರೂ, 2025ರ ಲೆಕ್ಕದಲ್ಲಿ ಸುಮಾರು 79,300 ಡಾಲರ್. ಅದು ಒಂದು ವರ್ಷದೊಳಗೆ ಹೆಚ್ಚು ನಷ್ಟವಿಲ್ಲದೆ ನಗದು ಮಾಡಿಕೊಳ್ಳುವಂಥದ್ದಾಗಿರಬೇಕು. ಬ್ಯಾಂಕ್ ಠೇವಣಿ, ಷೇರು ಆದರೆ ಸುಲಭ. ಸೈಟು, ಮನೆ ತೋರಿಸುವುದಾದರೆ ಮೌಲ್ಯಮಾಪನ ಬೇಕು. ಮಾರಿದ ಹಣ ದೇಶದಿಂದ ಹೊರಗೆ ತರಬಹುದು ಅಂತಲೂ ತೋರಿಸಬೇಕು. ತಕರಾರಿರುವ ಪಿತ್ರಾರ್ಜಿತ ಜಮೀನನ್ನು ಇದಕ್ಕೆ ಎಳೆಯಬೇಡಿ.

ಇನ್ನೊಂದು ಜಾಯಿಂಟ್ ಸ್ಪಾನ್ಸರ್. ಅಮೆರಿಕದಲ್ಲಿ ವಾಸವಿರುವ, 18 ತುಂಬಿದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರು ಯಾರೇ ಆಗಬಹುದು, ಸಂಬಂಧಿಕರೇ ಆಗಬೇಕಿಲ್ಲ. ಅವರು ತಮ್ಮದೇ ಐ-864 ಕೊಡುತ್ತಾರೆ. ಕೇಳುವ ಮುಂಚೆ ಮೇಲಿನ ಹೊಣೆಯ ವಿಚಾರ ಬಿಡಿಸಿ ಹೇಳಿ. ಅವರ ಸಂಬಳದ ಚೀಟಿ, ಟ್ಯಾಕ್ಸ್ ಕಾಗದ ಎಲ್ಲ ನಿಮ್ಮ ಕೈಗೆ ಬರುತ್ತದೆ. ಸಂಕೋಚ ಇರುವ ನೆಂಟರಿಗಿಂತ ನೇರವಾಗಿ ಮಾತಾಡುವ ಗೆಳೆಯರು ವಾಸಿ.

ಜಾಯಿಂಟ್ ಸ್ಪಾನ್ಸರ್ ಸಿಕ್ಕರೂ ನಿಮ್ಮ ಐ-864 ಬೇಕೇ ಬೇಕು. ನಿಮ್ಮ ಡೊಮಿಸೈಲ್ ಕೂಡ ಬೇಕೇ ಬೇಕು. ಅಂದರೆ ನಿಮ್ಮ ಖಾಯಂ ನೆಲೆ ಅಮೆರಿಕವೇ ಆಗಿರಬೇಕು, ಇಲ್ಲವೇ ಸಂಗಾತಿ ಕಾಲಿಡುವ ಹೊತ್ತಿಗೆ ಅಲ್ಲಿ ಮತ್ತೆ ನೆಲೆ ಮಾಡಿಕೊಳ್ಳುತ್ತೀರಿ ಅಂತ ತೋರಿಸಬೇಕು. ಎಷ್ಟೇ ಶ್ರೀಮಂತ ಜಾಯಿಂಟ್ ಸ್ಪಾನ್ಸರ್ ಇದ್ದರೂ ಈ ಕೊರತೆ ತುಂಬುವುದಿಲ್ಲ. ‘ಮೊದಲು ಅವಳು ಹೋಗಿ ಕೆಲಸ ಹುಡುಕಲಿ, ನಾನು ಆರು ತಿಂಗಳು ಬಿಟ್ಟು ಬರುತ್ತೇನೆ’ ಅನ್ನುವ ಯೋಜನೆ ಇಲ್ಲೇ ಮುರಿಯುತ್ತದೆ. ನೀವು ಮುಂಚೆ ಹೋಗಬೇಕು, ಇಲ್ಲವೇ ಜೊತೆಗೆ ಹೋಗಬೇಕು. ಅಮೆರಿಕದ ಸರ್ಕಾರ ಅಥವಾ ಅಮೆರಿಕದ ಕಂಪನಿ ತಾತ್ಕಾಲಿಕವಾಗಿ ಹೊರಗೆ ಕಳಿಸಿದ್ದರೆ, ನೆಲೆ ಅಲ್ಲೇ ಉಳಿದಿದೆ ಅಂತ ವಾದಿಸಲು ಅವಕಾಶ ಇದೆ. ಉಳಿದವರು ಪುರಾವೆ ಕಟ್ಟಬೇಕು.

ಏನು ಪುರಾವೆ? ಅಲ್ಲಿನ ಬ್ಯಾಂಕ್ ಖಾತೆಯಲ್ಲಿ ಓಡಾಟ, ಚಾಲ್ತಿಯಲ್ಲಿರುವ ಡ್ರೈವಿಂಗ್ ಲೈಸೆನ್ಸ್, ಮತದಾರರ ನೋಂದಣಿ, ಕೆಲಸಕ್ಕೆ ಹಾಕಿದ ಅರ್ಜಿಗಳು ಮತ್ತು ಬಂದ ಉತ್ತರಗಳು, ಆಫರ್ ಲೆಟರ್, ಮನೆ ಬಾಡಿಗೆಗೆ ನಡೆಸಿದ ಪತ್ರ ವ್ಯವಹಾರ, ‘ಬಂದವರು ನಮ್ಮ ಮನೆಯಲ್ಲಿ ಇರುತ್ತಾರೆ’ ಅಂತ ಅಣ್ಣನೋ ಅಪ್ಪ ಅಮ್ಮನೋ ಬರೆದ ಪತ್ರ, ಮಕ್ಕಳ ಶಾಲೆ ದಾಖಲಾತಿ, ಸಾಮಾನು ಸಾಗಿಸುವ ಕಂಪನಿಯ ಕೊಟೇಶನ್. ಈ ಕಡೆ ಬಾಡಿಗೆ ಮನೆ ಬಿಡುವ ನೋಟಿಸ್, ರಾಜೀನಾಮೆ ಪತ್ರ ಇದ್ದರೆ ಅದೂ. ಎಲ್ಲ ಬೇಕಿಲ್ಲ. ನಾಲ್ಕೈದು ಗಟ್ಟಿ ಕಾಗದ ಸಾಕು, ಜೊತೆಗೆ ಒಂದು ಪುಟದ ಪತ್ರ: ಯಾವಾಗ ಹೊರಗೆ ಬಂದಿರಿ, ಯಾಕೆ ಬಂದಿರಿ, ಯಾವ ತಿಂಗಳು ಯಾವ ಊರಿಗೆ ಹೋಗುತ್ತೀರಿ, ಎಲ್ಲಿರುತ್ತೀರಿ, ಹೇಗೆ ದುಡಿಯುತ್ತೀರಿ. ಸಂದರ್ಶನಕ್ಕೆ ಎರಡು ವಾರ ಇರುವಾಗ ಹುಟ್ಟಿದ ಕಾಗದಕ್ಕಿಂತ ಆರು ತಿಂಗಳ ಹಿಂದಿನ ದಿನಾಂಕ ಇರುವ ಕಾಗದಕ್ಕೆ ಬೆಲೆ ಜಾಸ್ತಿ.

ಹಂತ 5: ಸಂಗಾತಿಯ ದಾಖಲೆಗಳು

ಭಾರತದಲ್ಲಿ ಹುಟ್ಟಿದವರಿಗೆ ಜನನ ಪತ್ರವೇ ಮೊದಲ ಗಂಟು. ಹಳೆಯ ಪತ್ರದಲ್ಲಿ ಮಗುವಿನ ಹೆಸರೇ ಇರುವುದಿಲ್ಲ, ಇಲ್ಲವೇ ಅಪ್ಪನ ಹೆಸರಿನ ಕಾಗುಣಿತ ಬೇರೆ ಇರುತ್ತದೆ. ಹೆಸರು ಸೇರಿಸುವುದು, ತಿದ್ದಿಸುವುದು ಸ್ಥಳೀಯ ನೋಂದಣಾಧಿಕಾರಿ ಹತ್ತಿರ ಆಗಬೇಕು. ನೋಂದಣಿಯೇ ಆಗಿಲ್ಲ ಅಂದರೆ ಅಲ್ಲಿಂದಲೇ ‘ದಾಖಲೆ ಲಭ್ಯವಿಲ್ಲ’ ಅನ್ನುವ ಪತ್ರ ತಂದು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಹುಟ್ಟಿನ ವಿಷಯ ಬಲ್ಲ ಹಿರಿಯರ ಅಫಿಡವಿಟ್ ಸೇರಿಸಬೇಕು. ನಮ್ಮ ಕಡೆಯ ಇನಿಷಿಯಲ್‌ಗಳೂ ಗೊಂದಲ ಮಾಡುತ್ತವೆ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದ ಹೆಸರು ಇದ್ದರೆ ಡಿಎಸ್-260ರಲ್ಲಿ ಬೇರೆ ಹೆಸರುಗಳ ಜಾಗದಲ್ಲಿ ಎಲ್ಲ ರೂಪಗಳನ್ನೂ ಬರೆಯಿರಿ.

ಮದುವೆಗೆ ದೇವಸ್ಥಾನದ ರಸೀದಿ, ಲಗ್ನಪತ್ರಿಕೆ ಸಾಲದು. ಉಪನೋಂದಣಾಧಿಕಾರಿ ಕಚೇರಿಯ ಪ್ರಮಾಣಪತ್ರ ಬೇಕು. ಐ-130ಕ್ಕೆ ಲಗತ್ತಿಸುವ ಯಾವ ಕಾಗದದಲ್ಲಿ ಕನ್ನಡ ಇದ್ದರೂ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ತಮಗೆ ಗೊತ್ತು, ಅನುವಾದ ಪೂರ್ಣ ಮತ್ತು ಸರಿ ಇದೆ ಅಂತ ಅನುವಾದಕರು ಸಹಿ ಮಾಡಿದರೆ ಆಯಿತು.

ಪೊಲೀಸ್ ಕ್ಲಿಯರೆನ್ಸ್ ವಿಷಯದಲ್ಲಿ ದೇಶ ಸುತ್ತಿದವರಿಗೆ ಕೆಲಸ ಜಾಸ್ತಿ. ಸ್ವಂತ ದೇಶದಲ್ಲಿ, ಮತ್ತು ಈಗಿರುವ ದೇಶದಲ್ಲಿ 6 ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿಂದ ಬೇಕು. ಹಿಂದೆ 16 ವಯಸ್ಸಿನ ನಂತರ ಬೇರೆ ದೇಶದಲ್ಲಿ 12 ತಿಂಗಳು ಅಥವಾ ಹೆಚ್ಚು ಇದ್ದರೆ ಅಲ್ಲಿಂದಲೂ ಬೇಕು. ಅಮೆರಿಕದ್ದು ಬೇಡ. ಭಾರತದ್ದು ಪಾಸ್‌ಪೋರ್ಟ್ ಸೇವಾ ಮೂಲಕ, ಹೊರಗಿದ್ದರೆ ಭಾರತದ ರಾಯಭಾರ ಕಚೇರಿ ಮೂಲಕ ಸಿಗುತ್ತದೆ. ಇದಕ್ಕೆ 2 ವರ್ಷದ ಅವಧಿ ಇರುವುದರಿಂದ ತೀರಾ ಬೇಗ ಮಾಡಿಸಬೇಡಿ. ಬಿಟ್ಟುಬಂದು ಮತ್ತೆ ಹೋಗದ ದೇಶದ್ದಾದರೆ ಹಳೆಯದೇ ನಡೆಯುತ್ತದೆ.

ಎಲ್ಲ ಅಪ್‌ಲೋಡ್ ಮಾಡಿ, ಎನ್‌ವಿಸಿ ಒಪ್ಪಿದರೆ ‘ಡಾಕ್ಯುಮೆಂಟರಿಲಿ ಕ್ವಾಲಿಫೈಡ್’ ಅಂತ ಈಮೇಲ್ ಬರುತ್ತದೆ. ಜನ ಇದನ್ನೇ ಡಿಕ್ಯೂ ಅನ್ನುತ್ತಾರೆ. ಅಲ್ಲಿಂದ ಸಂದರ್ಶನದ ದಿನಕ್ಕೆ ಕಾಯಬೇಕು.

ಹಂತ 6: ಮೆಡಿಕಲ್ ಮತ್ತು ಸಂದರ್ಶನ

ದಿನಾಂಕ ಬಂದ ಮೇಲೆ ಮೆಡಿಕಲ್. ಕಾನ್ಸುಲೇಟ್ ಪಟ್ಟಿಯಲ್ಲಿರುವ ಪ್ಯಾನಲ್ ವೈದ್ಯರ ಹತ್ತಿರವೇ ಆಗಬೇಕು. ಹಾಕಿಸಿಕೊಂಡ ಲಸಿಕೆಗಳ ದಾಖಲೆ ಇದ್ದರೆ ಮತ್ತೆ ಚುಚ್ಚಿಸಿಕೊಳ್ಳುವುದು ಕಡಿಮೆಯಾಗುತ್ತದೆ. ಮೆಡಿಕಲ್ ಸಾಮಾನ್ಯವಾಗಿ 6 ತಿಂಗಳಿಗೆ ಮಾನ್ಯ, ವೀಸಾ ಅವಧಿಯೂ ಅದನ್ನೇ ಹಿಡಿದು ಬರುತ್ತದೆ. ಭಾರತದಲ್ಲಿ ಸಂದರ್ಶನಕ್ಕೆ ಮುಂಚೆ ಬೆರಳಚ್ಚು, ಫೋಟೋ ಕೊಡಲು ಬೇರೆ ಅಪಾಯಿಂಟ್‌ಮೆಂಟ್ ಇರುತ್ತದೆ.

ಸಂದರ್ಶನ ಸಂಗಾತಿಯದ್ದು, ನೀವು ಹೋಗುವುದು ಕಡ್ಡಾಯವಲ್ಲ. ಒರಿಜಿನಲ್‌ಗಳು, ಡಿಎಸ್-260 ದೃಢೀಕರಣ ಪುಟ, ಡೊಮಿಸೈಲ್ ಕಾಗದಗಳ ಹೊಸ ಪ್ರತಿ ಕೈಯಲ್ಲಿರಲಿ. ಹೇಗೆ ಪರಿಚಯ, ಮದುವೆ ಯಾವಾಗ, ಅಮೆರಿಕದಲ್ಲಿ ಎಲ್ಲಿರುತ್ತೀರಿ, ನಿಮ್ಮವರು ಯಾವಾಗ ಹೋಗುತ್ತಾರೆ ಅಂತ ಕೇಳುತ್ತಾರೆ. ಕೊನೆಯ ಎರಡಕ್ಕೆ ಸಂಗಾತಿಯ ಉತ್ತರ ಮತ್ತು ನಿಮ್ಮ ಪತ್ರ ಒಂದೇ ಹೇಳಬೇಕು. ಬಾಯಿಪಾಠ ಬೇಡ, ಪತ್ರ ಒಮ್ಮೆ ಓದಿಸಿದರೆ ಸಾಕು.

221(ಜಿ) ಅಂತ ಚೀಟಿ ಕೊಟ್ಟರೆ ಗಾಬರಿ ಬೇಡ. ಕಾಗದ ಬಾಕಿ ಇದೆ ಅಥವಾ ಪರಿಶೀಲನೆ ಬಾಕಿ ಇದೆ ಅಂತ ಅರ್ಥ. ಕೇಳಿದ ಕಾಗದ ಕೊಡಲು ಒಂದು ವರ್ಷ ಸಮಯ ಇರುತ್ತದೆ.

ಹಂತ 7: ವೀಸಾ ಬಂದ ಮೇಲೆ

ಪಾಸ್‌ಪೋರ್ಟ್ ಬಂದ ಕೂಡಲೇ ಹೆಸರು, ಹುಟ್ಟಿದ ದಿನ, ವೀಸಾ ವರ್ಗ ನೋಡಿ. ಮುಚ್ಚಿದ ಲಕೋಟೆ ಕೊಟ್ಟಿದ್ದರೆ ತೆರೆಯಬೇಡಿ. ಹೊರಡುವ ಮುಂಚೆ ಯುಎಸ್‌ಸಿಐಎಸ್ ಇಮಿಗ್ರಂಟ್ ಫೀಸು ಆನ್‌ಲೈನ್‌ನಲ್ಲಿ ಕಟ್ಟಿ. 2024ರ ಏಪ್ರಿಲ್‌ನಿಂದ ಅದು 235 ಡಾಲರ್. ಕಟ್ಟದೆ ಕಾರ್ಡ್ ಅಚ್ಚಾಗುವುದಿಲ್ಲ. ಕಾರ್ಡ್ ಅಂಚೆಯಲ್ಲಿ ಅಮೆರಿಕದ ವಿಳಾಸಕ್ಕೇ ಬರುತ್ತದೆ, ಆದ್ದರಿಂದ ನಂಬಿಕೆಯ ವಿಳಾಸ ಕೊಡಿ. ಬರುವ ತನಕ, ಪಾಸ್‌ಪೋರ್ಟ್‌ನಲ್ಲಿರುವ ವೀಸಾದ ಮೇಲೆ ಬಿದ್ದ ಪ್ರವೇಶದ ಮುದ್ರೆಯೇ ಒಂದು ವರ್ಷ ಗ್ರೀನ್ ಕಾರ್ಡ್‌ನ ಬದಲಿಗೆ ನಡೆಯುತ್ತದೆ. ಎರಡು ವರ್ಷ ತುಂಬಿದ ಜೋಡಿಯಾದರೆ ಏರ್‌ಪೋರ್ಟ್‌ನಲ್ಲೇ ಮುದ್ರೆಯಲ್ಲಿ ಐಆರ್-1 ಅಂತ ಇದೆಯಾ ನೋಡಿ. ಸಿಆರ್ ಅಂತ ಇದ್ದರೆ ಅಧಿಕಾರಿಗೆ ಮದುವೆಯ ದಿನಾಂಕ ತೋರಿಸಿ ಅಲ್ಲೇ ಸರಿ ಮಾಡಿಸಿಕೊಳ್ಳಿ.

ಇಳಿದು, ಮುದ್ರೆ ಹಾಕಿಸಿಕೊಂಡು, ಮತ್ತೆ ಭಾರತದಲ್ಲೇ ಇರೋಣ ಅನ್ನುವ ಆಲೋಚನೆ ಇದ್ದರೆ ಈ ವೀಸಾ ಸದ್ಯಕ್ಕೆ ಬೇಡ. ಸಂಗಾತಿ 6 ತಿಂಗಳಿಗಿಂತ ಹೆಚ್ಚು ಹೊರಗಿದ್ದು ಮರಳಿದರೆ ಪ್ರಶ್ನೆಗಳು ಬರುತ್ತವೆ. ಒಂದು ವರ್ಷ ಅಥವಾ ಹೆಚ್ಚು ಹೊರಗಿರಬೇಕಾದರೆ ಹೊರಡುವ ಮುಂಚೆ, ಅಮೆರಿಕದಲ್ಲಿ ಇರುವಾಗಲೇ, ಐ-131 ಹಾಕಿ ರೀಎಂಟ್ರಿ ಪರ್ಮಿಟ್‌ಗೆ ಕೇಳಬೇಕು. ಹೊರಡುವ ದಿನ ಇನ್ನೂ ಗಟ್ಟಿಯಾಗಿಲ್ಲ ಅನ್ನುವವರು ಎನ್‌ವಿಸಿ ಹಂತದಲ್ಲಿ ನಿಧಾನ ಮಾಡಬಹುದು. ವರ್ಷಕ್ಕೆ ಒಮ್ಮೆಯಾದರೂ ಅವರಿಗೆ ಬರೆದು ಸಂಪರ್ಕದಲ್ಲಿದ್ದರೆ ಕೇಸ್ ಜೀವಂತವಾಗಿರುತ್ತದೆ.